ತಿಳವಳ್ಳಿಯ ದಾನವರು

ತಿಳವಳ್ಳಿಯ ಬಸ್ ನಿಲ್ದಾಣದಲ್ಲಿ ಕೂರಲು ಜಾಗವಿರಲಿಲ್ಲ. ಅಕ್ಕಿಆಲೂರಿನ ಸಂತೆಗೆ ಹೊರಟವರು ತಮ್ಮ ಚೀಲಗಳ ಮೇಲೆಯೇ ಕೂತು ಬಸ್ಸು ಕಾಯುತ್ತಿದ್ದರು. ಅದನ್ನು ನೋಡಿ ಮೈಲಾರಲಿಂಗಪ್ಪ ಅಲ್ಲೊಂದು ಕಲ್ಲಿನ ಕಟ್ಟೆ ಕಟ್ಟಿಸಿದ. ಮನುಷ್ಯ ಉದಾರಿ. ಆದರೆ ಯಾರಾದರೂ ಮರ್ಯಾದೆ ಬಿಟ್ಟು ಮಾತಾಡಿಸಿದರೆ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ.

ಕಟ್ಟೆಯ ಹಿಂದಿನ ಗೋಡೆಯ ಮೇಲೆ ಹೆಸರು ಬರೆಯಲು ಪೇಂಟರ್ ಫಕ್ಕೀರೇಶ ಬಂದ. ‘ದಾನಿ: ಮೈಲಾರಲಿಂಗಪ್ಪ’ ಎಂದು ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದಾಗ ಮೈಲಾರಲಿಂಗಪ್ಪನ ಮುಖ ಸಪ್ಪಗಾಯಿತು.

“ದಾನಿ ಅಂದ್ರ ಏಕವಚನ ಆತಲ್ಲೋ. ದಾನ ಮಾಡಿದ ಅವರು ದಾನವರು. ಹಂಗ ಬರಿ.”

ಫಕ್ಕೀರೇಶನಿಗೆ ಆ ಪದವನ್ನು ಎಲ್ಲೋ ಕೇಳಿದ ನೆನಪಿತ್ತು. ಕೇಳಿದ ಪದವೇ ಆದ್ದರಿಂದ ಸರಿಯಿರಬೇಕೆಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದ.

ಉದ್ಘಾಟನೆಗೆ ಹೈಸ್ಕೂಲಿನ ಕನ್ನಡ ಶಿಕ್ಷಕಿ ಶೈಲಶ್ರೀ ಬಂದಿದ್ದರು. ಪರದೆ ಸರಿಸಿ, ಓದಲು ಮೈಕ್ ಹಿಡಿದವರು ಓದಲಿಲ್ಲ. ಕೆಮ್ಮಿದರು, ನೀರು ಕೇಳಿದರು. ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡುವ ಹಾಲೇಶ ಮಾತ್ರ ಎದ್ದು ನಿಂತು, ಊರಲ್ಲಿ ತನಗೊಬ್ಬ ಜೊತೆಗಾರ ಸಿಕ್ಕನೆಂದು ಕೈಮುಗಿದ. ಜನ ಬಿದ್ದು ಬಿದ್ದು ನಕ್ಕರು.

ಶೈಲಶ್ರೀ ಮೈಲಾರಲಿಂಗಪ್ಪನನ್ನು ಪಕ್ಕಕ್ಕೆ ಕರೆದು ಮೆತ್ತಗೆ ತಿಳಿಸಿದರು: ದಾನವ ಎಂದರೆ ರಾಕ್ಷಸ. ಕೊಡುವವರು ಗಂಡಾಗಲಿ ಹೆಣ್ಣಾಗಲಿ, ದಾನಿ. ಮರ್ಯಾದೆಗೆ ದಾನಿಗಳು ಎಂದರಾಯಿತು.

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಹೆಂಡತಿ ತಿಪ್ಪವ್ವ ಸೆರಗು ಬಾಯಿಗೆ ಹಿಡಿದು ಸಾಕಷ್ಟು ನಕ್ಕಳು. ಆಮೇಲೆ ರೊಟ್ಟಿ ತಂದಿಟ್ಟು ಪಕ್ಕದಲ್ಲಿ ಕೂತಳು.

“ಆ ಕಲ್ಲು ಆಡೂರಾಗಿನ ನಮ್ಮಪ್ಪನ ಹೊಲದ್ದು. ನೀವು ದಾನವರಾಗೇ ಇರ್ರಿ. ದಾನಿ ಅಂತ ನನ್ನ ಹೆಸರು ಬರಸ್ರಿ.”

ಕಲ್ಲು ಬಂದದ್ದು ಅವಳ ಅಣ್ಣನ ಟ್ರ್ಯಾಕ್ಟರಿನಲ್ಲೇ. ಇಷ್ಟು ದಿನ ಅದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಮೈಲಾರಲಿಂಗಪ್ಪನಿಗೆ ನಾಚಿಕೆಯಾಯಿತು. ಎದ್ದು ಕೂತು ರೊಟ್ಟಿ ತಿಂದ.

ಮರುದಿನ ಫಕ್ಕೀರೇಶ ಹಳೆಯದನ್ನು ಅಳಿಸಿ, ಯಾರ ಹೆಸರು ಮೊದಲು ಎಂದು ಕೇಳಿದ.

“ಆಕೀದು,” ಎಂದ ಮೈಲಾರಲಿಂಗಪ್ಪ.

‘ದಾನಿಗಳು: ತಿಪ್ಪವ್ವ, ಮೈಲಾರಲಿಂಗಪ್ಪ’ ಎಂದಾಯಿತು. ಅದನ್ನು ನೋಡಲು ಬಂದ ತಿಪ್ಪವ್ವ ಹಾಗೇ ತವರಿಗೂ ಹೋಗಿಬರೋಣವೆಂದಳು. ಇಬ್ಬರೂ ಕಟ್ಟೆಯ ಮೇಲೆ ಕೂತರು. ಬಸ್ಸು ತಡವಾಯಿತು. ಅದಕ್ಕಾಗಿ ಇಬ್ಬರಲ್ಲಿ ಯಾರೂ ಬೇಸರಪಡಲಿಲ್ಲ.