ಇಪ್ಪತ್ತೆರಡು ಗರಿಗಳು

ನಮ್ಮ ಹಸ್ತಪ್ರತಿ ಭಂಡಾರದ ನಿರ್ದೇಶಕರಿಗೆ ಸಂಸ್ಕೃತವೆಂದರೆ ಪ್ರಾಣ, ಓದುವುದೊಂದನ್ನು ಬಿಟ್ಟು. ಮೈಕು ಕಂಡರೆ ಸಾಕು, ವಿಮಾನ, ಕಂಪ್ಯೂಟರು, ಕ್ಯಾನ್ಸರಿಗೆ ಮದ್ದು ಎಲ್ಲವೂ ಅದರಲ್ಲೇ ಇದೆಯೆಂದು ಗಂಟಲು ಹರಿದುಕೊಳ್ಳುತ್ತಿದ್ದರು. ಯಾವ ಪುಟದಲ್ಲಿದೆ ಸ್ವಾಮೀ ಎಂದರೆ ಸೂರು ನೋಡುತ್ತಿದ್ದರು. ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ನಾನು ಅವರಿಗಿಟ್ಟ ಹೆಸರು ತುತ್ತೂರಿ.

ನಮ್ಮಕ್ಕನೂ ಅಲ್ಲೇ ಕೆಲಸಕ್ಕಿದ್ದಳು. ಕಣ್ಣಿನ ರೋಗಗಳ ಬಗ್ಗೆ ಸಂಸ್ಕೃತದಲ್ಲಿ ಬರೆದ ತಾಳೆಗರಿಯ ಕಟ್ಟೊಂದನ್ನು ಆರು ವರ್ಷದಿಂದ ಓದಿ ನಕಲು ಮಾಡುತ್ತಿದ್ದಳು. ಅದಕ್ಕೆ ಬೇರೆಲ್ಲೂ ಇನ್ನೊಂದು ಪ್ರತಿಯಿಲ್ಲ.

"ಔಷಧ ಸಿಗುತ್ತೆ ಅಂತಲ್ಲ ಕಣೋ," ಎನ್ನುತ್ತಿದ್ದಳು. "ಯಾರೋ ಪುಣ್ಯಾತ್ಮ ವೈದ್ಯ, ತಾನು ಎಲ್ಲೆಲ್ಲಿ ಎಡವಿದೆ, ಯಾರ ಕಣ್ಣು ಕಳೆದೆ ಅಂತ ಮುಚ್ಚುಮರೆಯಿಲ್ದೆ ಬರೆದಿದಾನೆ. ಅದನ್ನ ಅವನ ಮಾತಲ್ಲೇ ಕೇಳ್ಬೇಕು ಅಂದ್ರೆ ಸಂಸ್ಕೃತ ಕಲೀಲೇಬೇಕಲ್ಲ? ಇನ್ನು ಇಪ್ಪತ್ತೆರಡೇ ಗರಿ ಬಾಕಿ."

ಅವಳು ಜ್ವರವೆಂದು ರಜೆ ಹಾಕಿದ್ದೇ ತಡ, ಪರಂಪರೆಯ ಸಮಾರಂಭ ವಕ್ಕರಿಸಿತು. ಗಣ್ಯರಿಗೆ ನೆನಪಿನ ಕಾಣಿಕೆ ಕೊಡಬೇಡವೇ? ತುತ್ತೂರಿಯ ತಲೆ ಓಡಿತು. ಅಕ್ಕನ ಮೇಜಿನ ಮೇಲಿದ್ದ ಆ ಇಪ್ಪತ್ತೆರಡು ಗರಿಗಳ ದಾರ ಬಿಚ್ಚಿ, ಒಂದೊಂದಕ್ಕೂ ಗಾಜಿನ ಚೌಕಟ್ಟು ಹಾಕಿಸಿ ತಂದ. ಥೂ, ಇನ್ನು ಅವನಿಗೆ ಬಹುವಚನ ಕೊಡಲಾರೆ. ನನಗೆ ಇದು ಗೊತ್ತಾದದ್ದು ವೇದಿಕೆಯಲ್ಲಿ ಹಂಚುವಾಗಲೇ. ಕೂಡಲೇ ಅಕ್ಕನಿಗೆ ಫೋನು ಮಾಡಿದೆ.

ಅವಳು ಜ್ವರದಲ್ಲೇ ಓಡಿಬಂದಳು. ತುತ್ತೂರಿ ಮೈಕಿನಲ್ಲಿ, "ಬಾಮ್ಮ ಬಾ! ಸಂಸ್ಕೃತ ಯಾಕೆ ಕಲೀಬೇಕು, ನಾಲ್ಕು ಮಾತು ಹೇಳು," ಎಂದ.

ಅಕ್ಕ ಒಬ್ಬ ಗಣ್ಯರ ಮಡಿಲಿಂದ ಚೌಕಟ್ಟು ಎತ್ತಿಕೊಂಡು, ವೇದಿಕೆಯ ಮೇಲೇ ಕೂತು ಅದರ ಹಿಂದಿನ ಮೊಳೆ ಕಿತ್ತಳು. ಗರಿ ಕೈಗೆ ಬರಲಿಲ್ಲ. ರಟ್ಟಿಗೆ ಅಂಟಿಸಿಬಿಟ್ಟಿದ್ದರು, ಅದೂ ಧಾರಾಳವಾಗಿ ಗೋಂದು ಬಳಿದು. ಅವಳ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ.

"ಯಾಕಮ್ಮ ಗಾಬರಿ?" ತುತ್ತೂರಿ ನಕ್ಕ. "ಅಕ್ಷರ ಎಲ್ಲಾ ಕಾಣ್ತಿದೆಯಲ್ಲ! ಗೋಂದು ಹಿಂದ್ಗಡೆ ಮಾತ್ರ. ನಾನೇ ಮುಂದೆ ನಿಂತು ಹಚ್ಚಿಸಿದೀನಿ."

"ಹಿಂದ್ಗಡೇನೂ ಬರೆದಿದೆ ಸರ್," ಎಂದಳು ಅಕ್ಕ. "ಇಪ್ಪತ್ತೆರಡಕ್ಕೂ ಎರಡೂ ಕಡೆ ಬರೆದಿದೆ. ಒಂದೇ ಒಂದು ಗರಿ ಓದಿದ್ರೂ ನಿಮಗೆ ಗೊತ್ತಾಗ್ತಿತ್ತು."

ಅಕ್ಕ ಉಗುರಿನಿಂದ ಗೋಂದು ಕೆರೆಯತೊಡಗಿದಳು. ಗರಿ ಪುಡಿಯಾಗಿ ಉದುರಿತು.

ಅಷ್ಟರಲ್ಲಿ ತುತ್ತೂರಿ ಮೈಕು ಬಾಯಿಗೆ ಹಿಡಿದ. "ಕೇಳಿದ್ರಾ ಮಹಾಜನರೇ? ಎರಡೂ ಕಡೆ! ಆಗಿನ ಕಾಲಕ್ಕೇ! ಎಂಥಾ ಪರಂಪರೆ ನಮ್ಮದು!"

ಗಣ್ಯರೆಲ್ಲ ಚೌಕಟ್ಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು.