ಬಿಳಿ ಮೆಣಸು ಕಮ್ಮಿ

"ಹಾಲೆಲ್ಲಿಟ್ಟಿದೀರಿ ಅತ್ತಿಗೆ?" ಎನ್ನುತ್ತ ಫ್ರಿಜ್ಜಿನೊಳಗೆ ಅರ್ಧ ಮೈ ತೂರಿಸಿದ್ದ ನಾದಿನಿ, ಕೆಳಗಿನ ಅರೆಯಲ್ಲಿದ್ದ ದೊಡ್ಡ ಸ್ಟೀಲ್ ಪಾತ್ರೆಯನ್ನು ಎರಡೂ ಕೈಯಿಂದ ಹೊರಗೆಳೆದಳು. ಮೇಲೆ ಮುಚ್ಚಿದ್ದ ತಟ್ಟೆ ಜಾರಿ ಬಿದ್ದು, ನೆಲದ ಮೇಲೆ ಗಿರಗಿರನೆ ಸುತ್ತಿ, ನಡುಮನೆಯ ಪಿಸುಮಾತುಗಳನ್ನೆಲ್ಲ ಒಂದು ಗಳಿಗೆ ನಿಲ್ಲಿಸಿತು. ಪಾತ್ರೆಯೊಳಗೆ ಮಜ್ಜಿಗೆಯಲ್ಲಿ ಮುಳುಗಿದ್ದವು ಕೋಳಿಯ ಹನ್ನೆರಡು ತುಂಡುಗಳು.

"ಅಯ್ಯೋ, ಇದ್ಯಾವಾಗ ನೆನೆಸಿದ್ರಿ?"

"ನಾನಲ್ಲ. ನಿಮ್ಮಣ್ಣ. ನಿನ್ನೆ ಸಂಜೆ."

"ಚೆಲ್ಲಿಬಿಡ್ಲಾ? ಇವತ್ತಿನ ದಿನ ಇದನ್ನ ನೋಡಿದ್ರೆ ಜನ ಏನಂದ್ಕೋತಾರೆ!"

"ಮುಟ್ಟಬೇಡ ಅದನ್ನ."

ತನ್ನ ಆ ದನಿ ಟೈಲರಮ್ಮನಿಗೇ ಅಪರಿಚಿತವಾಗಿ ಕೇಳಿಸಿತು. ಬೆಳಗಿನಿಂದ ಆಕೆ ಯಾರ ಮಾತಿಗೂ ಎದುರಾಡಿರಲಿಲ್ಲ. ಕೂರು ಎಂದವರ ಮಾತಿಗೆ ಕೂತು, ಕುಡಿ ಎಂದವರ ಮಾತಿಗೆ ಕುಡಿದಿದ್ದಳು. ಈಗ ಎದ್ದು ಬಂದು, ತಟ್ಟೆಯನ್ನು ತೊಳೆದು ಒರೆಸಿ, ಪಾತ್ರೆಯ ಮೇಲೆ ಮುಚ್ಚಿ, ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು.

ನಡುಮನೆಯಲ್ಲಿ ಡ್ರೈವರ್ ಮಲಗಿದ್ದ. ನಸುಕಿನಲ್ಲಿ ನಿದ್ದೆಯಲ್ಲೇ ಪ್ರಾಣ ಹೋಗಿತ್ತು. ಹೊದಿಸಿದ್ದ ಬಿಳಿ ಬಟ್ಟೆ ಅವನ ಉದ್ದಕ್ಕೆ ಸಾಲದೆ ಪಾದಗಳು ಹೊರಗೇ ಉಳಿದಿದ್ದವು. ಆರಡಿ ಮೂರಂಗುಲದ ಗಂಡ, ಐದಡಿಗೂ ಒಂದು ಗೇಣು ಕಡಿಮೆಯ ಹೆಂಡತಿ. ಇಬ್ಬರೂ ಜೊತೆಯಾಗಿ ಹೊರಟರೆ "ಬಸ್ಸೂ ಸ್ಟೆಪ್ನಿಯೂ ಹೊರಟ್ವು" ಎಂದು ಬೀದಿಯವರು ನಗುತ್ತಿದ್ದರು.

ಹನ್ನೊಂದರ ಹೊತ್ತಿಗೆ ಕಂಡಕ್ಟರ್ ಬಂದ. ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ ದುಡಿದವನು. ಗೆಳೆಯನ ಪಾದಗಳ ಬಳಿ ಕುಕ್ಕರಿಸಿ, ಬಟ್ಟೆಯನ್ನು ಕೆಳಕ್ಕೆ ಎಳೆದು ನೋಡಿ, ಸಾಲದೆಂದು ಕಂಡಮೇಲೆ ತನ್ನ ಹೆಗಲ ಟವಲನ್ನೇ ತೆಗೆದು ಹೊದಿಸಿದ.

"ಎಂಥಾ ಕಿವಿ ಅಕ್ಕಾ ಇವಂದು! ಗೇರ್ ಬಾಕ್ಸಿನಲ್ಲಿ ಸಣ್ಣಗೆ ಕಿರ್ ಅಂದ್ರೂ ಗಾಡಿ ಪಕ್ಕಕ್ಕೆ ಹಾಕೋನು. ನನಗೇನೂ ಕೇಳ್ಸಿಲ್ಲವಲ್ಲೋ ಅಂದ್ರೆ, ನಿನಗೆ ಚಿಲ್ಲರೆ ಸದ್ದು ಬಿಟ್ರೆ ಇನ್ನೇನು ಕೇಳ್ಸುತ್ತೆ ಅನ್ನೋನು." ನಗಲು ಹೋಗಿ ಬಿಕ್ಕಿದ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ: "ಆ ಮಸಾಲೆ ಕೊನೆಗೂ ಸಿಗಲೇ ಇಲ್ಲ ಅಲ್ವಾ? ಹೋದ ವಾರಾನೂ ಕೇಳ್ದೆ. ಇನ್ನೇನೋ ಕಮ್ಮಿ ಅಂತಾಳೆ ಕಣೋ ಅಂದ. ಪಾಪ, ಆ ಕೊರಗು ಹೊತ್ಕೊಂಡೇ ಹೋದ."

ಟೈಲರಮ್ಮ ತಲೆ ಎತ್ತಲಿಲ್ಲ. ಸೀರೆಯ ಅಂಚಿನಲ್ಲಿ ಬಿಟ್ಟುಕೊಂಡಿದ್ದ ಒಂದು ದಾರವನ್ನು ಬೆರಳಿಗೆ ಸುತ್ತತೊಡಗಿದಳು. ಬೆರಳ ತುದಿ ಬಿಳಿಚಿಕೊಳ್ಳುವವರೆಗೂ ಸುತ್ತಿದಳು.

*

ಹಳೆಯ ಬಸ್ ನಿಲ್ದಾಣದ ಎದುರು ಕೋಳಿ ಕರಿಯುವ ಅಂಗಡಿಯೊಂದಿತ್ತು. ಮಾತು ಕಡಿಮೆ, ಮೀಸೆ ಜಾಸ್ತಿ ಎಂಬಂಥ ಮುದುಕನೊಬ್ಬ ಅದನ್ನು ನಡೆಸುತ್ತಿದ್ದ. ಹಿಟ್ಟಿಗೆ ಬೆರೆಸುವ ಪುಡಿಯನ್ನು ಬಾಗಿಲು ಹಾಕಿಕೊಂಡೇ ಕಲಸುತ್ತಿದ್ದ. ಶನಿವಾರ ಸಂಜೆ ಬಸ್ಸಿಳಿದ ಡ್ರೈವರ್ ಒಂದು ಪೊಟ್ಟಣ ಹಿಡಿದು ಮನೆಗೆ ಬರುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಸೋಮವಾರ ನಸುಕಿಗೆ ಹೊರಟರೆ ಮತ್ತೆ ಶನಿವಾರವೇ ಮುಖ ಕಾಣುವುದು. ಭಾನುವಾರವಾದರೂ ಮನೆಯಲ್ಲಿರುತ್ತಿದ್ದನೇ? ಮಧ್ಯಾಹ್ನ ಉಂಡವನೇ ಡಿಪೋದ ಇಸ್ಪೀಟಿಗೆ ಹೊರಟುಬಿಡುತ್ತಿದ್ದ. ಹೆಂಡತಿಯ ಪಾಲಿಗೆ ಉಳಿಯುತ್ತಿದ್ದುದು ಆ ಪೊಟ್ಟಣ ಬಿಚ್ಚಿ ತಿನ್ನುವಷ್ಟು ಹೊತ್ತು ಮಾತ್ರ.

ಒಂದು ದಿನ ಮುದುಕ ಅಂಗಡಿ ಮುಚ್ಚಿ, ಗುಟ್ಟನ್ನೂ ಜೊತೆಗೇ ಕಟ್ಟಿಕೊಂಡು ಎಲ್ಲಿಗೋ ಹೊರಟುಹೋದ.

"ಆ ರುಚಿ ಇನ್ನು ಸಿಕ್ಕ ಹಾಗೇ ಬಿಡಿ," ಎಂದು ಆಕೆ ಬಾಯಿಮಾತಿಗೆ ಅಂದದ್ದು. ಡ್ರೈವರ್ ಅದನ್ನು ಪಂಥವಾಗಿ ತೆಗೆದುಕೊಂಡ.

ಒಲೆಯ ಪಕ್ಕದ ಕಪಾಟನ್ನು ತನ್ನದಾಗಿಸಿಕೊಂಡ. ಬಸ್ಸಿನಲ್ಲಿ ಡ್ರೈವರ್ ಸೀಟಿಗೆ ಹೇಗೋ ಹಾಗೆ, ಅಲ್ಲಿಗೂ ಇನ್ನೊಬ್ಬರ ಕೈ ಹೋಗುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಬೆನ್ನು ತಿರುಗಿಸಿ ನಿಂತು ಪುಡಿಗಳನ್ನು ಅಳೆಯುತ್ತಿದ್ದ. ಆಕೆ ಹೊಸ್ತಿಲ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತ ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ, ಕೆಲವೊಮ್ಮೆ ತಾನೂ ಹೇಳುತ್ತಿದ್ದ. ಯಾವುದೋ ತಿರುವಿನಲ್ಲಿ ಅಡ್ಡ ಬಂದ ಜಿಂಕೆಯ ಕತೆ, ಮೊದಲ ಸಲ ಬಸ್ ಹತ್ತಿದ ಮುದುಕಿ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಬಂದ ಕತೆ. ಮದುವೆಯಾಗಿ ಹದಿನಾರು ವರ್ಷಕ್ಕೆ ಗಂಡನ ದನಿಯನ್ನು ಆಕೆ ಬಿಡುವಾಗಿ ಕೇಳಿದ್ದು ಆಗಲೇ.

ಎರಡನೆಯ ವರ್ಷದ ಒಂದು ಭಾನುವಾರ, ಮೊದಲ ತುತ್ತಿಗೇ ಆಕೆಯ ಹಲ್ಲು ನಿಂತಿತು. ಅದೇ. ಮೀಸೆಯ ಮುದುಕನದೇ. ಉಪ್ಪು ಮೊದಲು, ಖಾರ ಆಮೇಲೆ, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಬೆಚ್ಚನೆಯ ಘಮ. ಹೇಳಲೆಂದು ಬಾಯಿ ತೆರೆದಳು. ಎದುರಿಗೆ ಡ್ರೈವರ್ ಆಗಲೇ ಕೈ ತೊಳೆದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಹೊರಗೆ ಇಸ್ಪೀಟಿನವರು ಸೈಕಲ್ ಗಂಟೆ ಬಾರಿಸುತ್ತಿದ್ದರು.

"ಹೇಗಿದೆಯೇ?"

"ಏನೋ ಒಂದು ಕಮ್ಮಿ ಕಣ್ರೀ."

"ಏನು?"

ಬಾಯಿಗೆ ಬಂದದ್ದನ್ನು ಅಂದಳು. "ಬಿಳಿ ಮೆಣಸು ಇರ್ಬೇಕು."

ಅವನು ಆಕೆಯ ಮುಖವನ್ನೇ ತುಸು ಹೊತ್ತು ನೋಡಿದ. ಆಮೇಲೆ ಕಿಟಕಿಗೆ ಹೋಗಿ, "ನೀವು ಹೋಗ್ರಪ್ಪಾ, ನನಗೆ ಕೆಲಸ ಇದೆ," ಎಂದು ಕೂಗಿ, ಅಂಗಿಯ ಗುಂಡಿ ಬಿಚ್ಚಿ ಮತ್ತೆ ಕೂತ.

ಅಂದಿನಿಂದ ಹದಿನೆಂಟು ವರ್ಷ. ಒಂದೊಂದು ಕೊರತೆಯನ್ನು ಆಕೆ ವರ್ಷವಿಡೀ ಎಳೆಯುತ್ತಿದ್ದಳು. ಬಿಳಿ ಮೆಣಸು, ಜಾಯಿಕಾಯಿ, ಒಣ ಪುದೀನ. ಏನೂ ಹೊಳೆಯದ ವರ್ಷ ಏಲಕ್ಕಿ ಎಂದೂ ಅಂದದ್ದುಂಟು. ಅವನು ಅದನ್ನು ತಂದು ಮೇಲಿನ ಅರೆಯಲ್ಲಿಡುತ್ತಿದ್ದ. ಪ್ರತಿ ಭಾನುವಾರ ಕೆಳಗಿನ ಒಂಬತ್ತು ಡಬ್ಬಿಗಳನ್ನು ಮುಗಿಸಿದ ಮೇಲೆ, ಮೇಲಿನದಕ್ಕೆ ಕೈಚಾಚಿ ಚಮಚದಿಂದ ಒಂದು ಸಲ ಟಣ್ ಎನ್ನಿಸುತ್ತಿದ್ದ. ಏನು ಸೇರಿಸಿದರೂ ಮೂಲದ ರುಚಿ ಅಲುಗುತ್ತಿರಲಿಲ್ಲ. ಅದು ಆ ಪುಡಿಯ ಗಟ್ಟಿತನ ಎಂದುಕೊಂಡಿದ್ದಳು. ಸರಿಯಾಗುವವರೆಗೆ ಹೊರಗಿನವರಿಗೆ ಒಂದು ತುಂಡೂ ಇಲ್ಲ ಎಂಬುದು ಅವನ ಕಟ್ಟಪ್ಪಣೆ. ನಿವೃತ್ತಿಯ ಮೇಲೂ ದಿನಕ್ಕೆರಡು ಸಲ ಬಸ್ ನಿಲ್ದಾಣದಲ್ಲಿ ನಿಂತು ಹೊರಡುವ ಬಸ್ಸುಗಳನ್ನು ನೋಡಿ ಬರುತ್ತಿದ್ದವನು, ಭಾನುವಾರ ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ.

*

ಎಲ್ಲ ಮುಗಿಸಿ ಮರಳಿದಾಗ ನಾಲ್ಕೂವರೆ. ಬಂದವರು ಒಬ್ಬೊಬ್ಬರಾಗಿ ಹೇಳಿಹೋಗಿ, ಕೊನೆಗೆ ಮಗಳು, ನಾದಿನಿ, ಕಂಡಕ್ಟರ್ ಉಳಿದರು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಟೈಲರಮ್ಮ ಫ್ರಿಜ್ಜಿನಿಂದ ಪಾತ್ರೆ ತೆಗೆದು ಒಲೆ ಹಚ್ಚಿದಳು.

"ಅಮ್ಮಾ, ಏನ್ ಮಾಡ್ತಿದೀಯ?" ಮಗಳು ಓಡಿ ಬಂದಳು.

"ನೆನೆಸಿಟ್ಟಿದಾರೆ. ಕರೀತೀನಿ."

"ನಿಂಗೆ ಆ ಪುಡಿ ಅಳತೆ ಗೊತ್ತಾ? ಅಪ್ಪ ಯಾರಿಗೂ ಹೇಳಿಲ್ವಲ್ಲ."

"ನೋಡಿಲ್ಲ. ಕೇಳಿಸ್ಕೊಂಡಿದೀನಿ."

ಎಡದಿಂದ ಬಲಕ್ಕೆ ಒಂಬತ್ತು ಡಬ್ಬಿಗಳು. ಒಂದೊಂದರಿಂದ ತೆಗೆದ ಚಮಚವನ್ನು ಅವನು ಹಿಟ್ಟಿನ ಬೋಗುಣಿಯ ಅಂಚಿಗೆ ಬಡಿಯುತ್ತಿದ್ದ ಸದ್ದು ಆಕೆಯ ಕಿವಿಯಲ್ಲಿ ಹಾಗೇ ಇತ್ತು. ನಾಲ್ಕು, ಎರಡು, ಎರಡು, ಒಂದು, ಮೂರು, ಹೀಗೆ ಒಂಬತ್ತಕ್ಕೂ. ಕಣ್ಣು ಮುಚ್ಚಿ ಎಣಿಸುತ್ತ ಬಡಿದಳು. ಒಂಬತ್ತನೆಯದು ಮುಗಿದಾಗ ಕೈ ತಾನಾಗಿ ಮೇಲಕ್ಕೆ ಹೋಗಹೊರಟಿತು, ತಡೆದಳು. ಇವತ್ತು ಮೇಲಿನದು ಬೇಡ. ಹಿಟ್ಟಿನಲ್ಲಿ ಹೊರಳಿಸಿದ ತುಂಡುಗಳನ್ನು ಕಾದ ಎಣ್ಣೆಗೆ ಬಿಟ್ಟಳು.

ಕಂಡಕ್ಟರ್ ಬೇಡವೆನ್ನುತ್ತಲೇ ಒಂದನ್ನು ಕೈಗೆತ್ತಿಕೊಂಡ. ಕಚ್ಚಿದ. ಅಗಿಯುತ್ತ ಅಗಿಯುತ್ತ ನಿಂತ.

"ಅಕ್ಕಾ! ಇದು ಅದೇ ಅಲ್ವಾ? ಮೀಸೆ ಮುದುಕಂದು! ಇವತ್ತು ಏನು ಹಾಕಿದ್ರಿ?"

"ಹಾಕ್ಲಿಲ್ಲ. ಬಿಟ್ಟೆ." ಆಕೆ ಜಾಲರಿ ಸೌಟನ್ನು ಕೆಳಗಿಟ್ಟಳು. "ಅವರಿಗೆ ಇದು ಹದಿನೆಂಟು ವರ್ಷದ ಹಿಂದೇನೇ ಸಿಕ್ಕಿತ್ತು. ನಾನು ಹೇಳ್ಲಿಲ್ಲ. ಹೇಳಿದ್ರೆ ಎದ್ದು ಹೋಗ್ಬಿಡ್ತಾರೆ ಅಂತ ಹೇಳ್ಲಿಲ್ಲ. ಅವರ ಕೊರಗು ಅಂದ್ರಲ್ಲ, ಅದನ್ನ ಹೊರಿಸಿದ್ದು ನಾನೇ."

ಎಣ್ಣೆ ಚುರುಗುಟ್ಟುತ್ತಿತ್ತು.

"ಅಮ್ಮಾ," ಎಂದಳು ಮಗಳು, ಮೆಲ್ಲಗೆ, ಕೈಯ ತುಂಡನ್ನು ನೋಡುತ್ತ. "ಆಗಿಂದ ಪ್ರತಿ ಭಾನುವಾರವೂ ಇದೇ ರುಚಿ ಇತ್ತು. ಅಪ್ಪ ಏನೇನೋ ಸೇರಿಸ್ತಿದೀನಿ ಅನ್ನೋರು. ನಂಗೇ ನಾಲಿಗೆ ಇಲ್ಲ ಅಂದ್ಕೊಂಡಿದ್ದೆ."

ಟೈಲರಮ್ಮ ಮಗಳನ್ನು ನೋಡಿದಳು. ಆಮೇಲೆ ಕಪಾಟನ್ನು ನೋಡಿದಳು. ಹೊಲಿಗೆ ಯಂತ್ರದ ಮುಂದಿದ್ದ ಸ್ಟೂಲನ್ನು ಎಳೆದುಕೊಂಡು ಬಂದು, ನಾದಿನಿ "ಅತ್ತಿಗೆ, ಬೀಳ್ತೀರಾ!" ಎನ್ನುತ್ತಿದ್ದಂತೆಯೇ ಹತ್ತಿ ನಿಂತಳು.

ಮೇಲಿನ ಅರೆಯಲ್ಲಿ ಹದಿನೆಂಟು ತಗಡಿನ ಡಬ್ಬಿಗಳು ಡಿಪೋದ ಬಸ್ಸುಗಳಂತೆ ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಎತ್ತಿಕೊಂಡಳು. ಮುಚ್ಚಳದ ಸುತ್ತ ಕಂಪನಿಯವರು ಅಂಟಿಸಿದ ಕಾಗದದ ಪಟ್ಟಿ ಹಳದಿಗಟ್ಟಿತ್ತು, ಹರಿದಿರಲಿಲ್ಲ. ಅಲುಗಿಸಿದರೆ ಒಳಗೆ ಗಟ್ಟಿಯಾದ ಹೆಂಟೆಯೊಂದು ಠಕ್ಕೆಂದಿತು. ಮುಚ್ಚಳದ ನಡುವೆ ಚಮಚದ ಬಡಿತಕ್ಕೆ ಪುಟ್ಟ ಪುಟ್ಟ ತಗ್ಗುಗಳು. ಎರಡನೆಯದೂ ಹಾಗೆಯೇ. ಮೂರನೆಯದೂ.

"ಏನಿದೆ ಅಕ್ಕಾ ಅಲ್ಲಿ?" ಕಂಡಕ್ಟರ್ ಕೆಳಗಿನಿಂದ ಕೇಳಿದ.

ಪ್ರತಿ ಡಬ್ಬಿಯ ಕೆಳಗೆ, ಅರೆಯ ಅಂಚಿಗೆ, ಹಳೆಯ ಬಸ್ ಟಿಕೆಟ್ಟೊಂದನ್ನು ಮಗುಚಿ ಅಂಟಿಸಿತ್ತು. ಅದರ ಮೇಲೆ ಅವನ ದುಂಡು ಅಕ್ಷರ. ಮೊದಲು ತಾರೀಖು, ಆಮೇಲೆ "ಬಿಳಿ ಮೆಣಸು ಕಮ್ಮಿಯಂತೆ." "ಜಾಯಿಕಾಯಿ ಕಮ್ಮಿಯಂತೆ." "ಏಲಕ್ಕಿ ಕಮ್ಮಿಯಂತೆ!" ಕೊನೆಯದು ಸೋಂಪು.

ಸೋಂಪಿನ ಪಕ್ಕದಲ್ಲಿ ಒಂದು ಡಬ್ಬಿ ಹಿಡಿಸುವಷ್ಟು ಜಾಗವನ್ನು ಒರೆಸಿ ಖಾಲಿ ಬಿಟ್ಟಿತ್ತು. ಅದರ ಕೆಳಗೂ ಒಂದು ಟಿಕೆಟ್ಟು. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ತಾರೀಖು ಬರೆದಿರಲಿಲ್ಲ, ಹೆಸರಿನ ಜಾಗವೂ ಖಾಲಿ. ತುದಿಯಲ್ಲಿ ಮಾತ್ರ, ಮೊದಲೇ ಬರೆದಿಟ್ಟಿತ್ತು: "ಕಮ್ಮಿಯಂತೆ."