ಎರಡು ಕೃಪಾಂಕ

ಬ್ರೆಂಟ್ ಕೋಲ್ಬಿ ಓಡಿಬಂದು ಅಪ್ಪಿಕೊಂಡ ರಭಸಕ್ಕೆ ದ್ವಾರಕಾನಾಥನ ಕನ್ನಡಕ ಹುಲ್ಲಿನ ಮೇಲೆ ಬಿತ್ತು. ಇನ್ನೂರ ಎಂಬತ್ತು ಪೌಂಡಿನ ಆಸಾಮಿ, ಮೊಣಕಾಲಿನವರೆಗೆ ಕೆಸರು, ಹೆಗಲಿಗೆ ಕಟ್ಟಿದ ಪ್ಯಾಡುಗಳಿಂದ ವಾರಗಟ್ಟಲೆ ಒಣಗದ ಬಟ್ಟೆಯ ವಾಸನೆ. ಸುತ್ತಲೂ ಜನ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಮಿಷನ್ ರಿಡ್ಜ್ ಕಾಲೇಜು ನಾಲ್ಕನೆಯ ಪಂದ್ಯವನ್ನೂ ಗೆದ್ದಿತ್ತು. ಬರುವ ಶನಿವಾರ ಇನ್ನೊಂದು ಗೆದ್ದುಬಿಟ್ಟರೆ ಆರು ಸಣ್ಣ ಕಾಲೇಜುಗಳ ಕಾನ್ಫರೆನ್ಸೆಂಬ ಕ್ರೀಡಾ ಒಕ್ಕೂಟದ ಎಂಬತ್ತಾರನೆಯ ಇಸವಿಯ ಪಟ್ಟ ಹೇವರ್ಡ್ ಪಕ್ಕದ ಡಬ್ಲಿನ್ ಎಂಬ ಊರಿನ ಹಿಂದಿನ ಗುಡ್ಡಗಳ ನಡುವೆ ಮುದುರಿ ಕೂತ ಈ ಕಾಲೇಜಿಗೇ.

"ನೀವಿಲ್ಲದಿದ್ದರೆ ಈ ವರ್ಷ ನಾನು ಮೈದಾನಕ್ಕೇ ಇಳೀತಿರಲಿಲ್ಲ, ಪ್ರೊಫೆಸರ್," ಎಂದ ಬ್ರೆಂಟ್, ಕನ್ನಡಕ ಎತ್ತಿ ಕೊಡುತ್ತ.

ಇಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಈ ಆಟದಲ್ಲಿ ಕಾಲಿಗಿಂತ ಕೈಗೆ, ಕೈಗಿಂತ ಹೊಟ್ಟೆಗೆ ಹೆಚ್ಚು ಕೆಲಸ ಎಂಬುದಷ್ಟೇ ದ್ವಾರಕಾನಾಥನಿಗೆ ಗೊತ್ತಿದ್ದದ್ದು. ಆದರೂ ಕಾಲೇಜಿನ ಬಣ್ಣದ ಜಾಕೆಟ್ ತೊಟ್ಟು ಪ್ರತಿ ಶನಿವಾರ ಗೆರೆಯ ಪಕ್ಕದಲ್ಲೇ ನಿಲ್ಲುತ್ತಿದ್ದ. ಕಾನ್ಫರೆನ್ಸಿಗೆ ಕಾಲೇಜಿನ ಅಧ್ಯಾಪಕ ಪ್ರತಿನಿಧಿ ಅವನು. ಪ್ರತಿ ವಾರ ಆಟಗಾರರ ಪಟ್ಟಿ ನೋಡಿ, ಇವರೆಲ್ಲ ಹೋದ ಸೆಮಿಸ್ಟರಿನಲ್ಲಿ ಓದಿ ಪಾಸಾದವರು ಎಂದು ಸಹಿ ಹಾಕಬೇಕು. ಅವನ ಸಹಿಯಿಲ್ಲದೆ ಒಬ್ಬನೂ ಚೆಂಡು ಮುಟ್ಟುವಂತಿಲ್ಲ.

"ನಾನೇನು ಮಾಡಿದೆ? ನೀನು ಓದಿದೆ, ಪಾಸಾದೆ," ಎಂದ ದೊಡ್ಡತನದಿಂದ.

"ನಿಮ್ಮದೊಂದೇ ಕ್ಲಾಸಿಗೆ ನಾನು ನಿಜವಾಗಿ ಬರ್ತಿದ್ದದ್ದು. ಉಳಿದ ಮೂರಕ್ಕೆ ಒಂದು ದಿನವೂ ಹೋಗಿಲ್ಲ. ಅವನ್ನೆಲ್ಲ ಕೋಚ್ ಮಾತಾಡಿ ಇಟ್ಟಿರ್ತಾರೆ. ನಿಮ್ಮ ಹತ್ತಿರ ಮಾತಾಡೋಕೆ ಮಾತ್ರ ಅವರಿಗೆ ಹೆದರಿಕೆ, ಹೊಸಬರು, ಬಿಗಿ ಅಂತ. ಪಾಸಿಗೆ ಅರವತ್ತು ಬೇಕು, ನನ್ನ ಲೆಕ್ಕದಲ್ಲಿ ಐವತ್ತೆಂಟೇ ಬಂದಿತ್ತು. ನೋಡಿದರೆ ಯಾರೂ ಕೇಳದೆ ನೀವೇ ಅರವತ್ತು ಮಾಡಿದ್ದೀರಿ! ಕೋಚ್ ಅವತ್ತೇ ಅಂದರು, ಈ ಮನುಷ್ಯ ನಮ್ಮವನು, ಸಹಿ ಹಾಕೋ ಜಾಗಕ್ಕೆ ಇವನನ್ನೇ ಕೂರಿಸೋಣ ಅಂತ."

ಹುಡುಗ ಕಳ್ಳನಲ್ಲ. ಕೃತಜ್ಞತೆಯಿಂದ ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಬೆನ್ನಿಗೊಂದು ಗುದ್ದು ಕೊಟ್ಟು ಗೆಳೆಯರತ್ತ ಓಡಿಹೋದ. ದ್ವಾರಕಾನಾಥ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರೆಳೆದ. ಸಾಸಿವೆ ಹಚ್ಚಿದ ಹಾಟ್‌ಡಾಗಿನ ವಾಸನೆ ಗಾಳಿಯಲ್ಲಿ ಬಂತು.

ಮೈಸೂರಿನಲ್ಲಿ ಹನ್ನೊಂದು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ ಬಂದವನು ಅವನು. ಅಲ್ಲಿ ಎಲ್ಲ ವಿಷಯದಲ್ಲೂ ಪಾಸಾಗಿ ಒಂದರಲ್ಲಿ ಮಾತ್ರ ಒಂದೆರಡು ಅಂಕದಿಂದ ಮುಗ್ಗರಿಸಿದವರಿಗೆ ಕೃಪಾಂಕ ಕೊಟ್ಟು ದಡ ಸೇರಿಸುವುದು ಪದ್ಧತಿ. ಅದರಲ್ಲಿ ಲಜ್ಜೆಪಡುವಂಥದ್ದು ಏನೂ ಇಲ್ಲ. ಎಲ್ಲದರಲ್ಲೂ ಪಾಸಾದವನು ಒಂದರಲ್ಲಿ ಎಡವಿದರೆ ಎಡವಟ್ಟು ಪ್ರಶ್ನೆಪತ್ರಿಕೆಯದ್ದೂ ಇರಬಹುದಲ್ಲ! ಅಭ್ಯಾಸಬಲ ಎಲ್ಲಿ ಬಿಟ್ಟೀತು. ಮೇ ತಿಂಗಳಲ್ಲಿ ಬ್ರೆಂಟ್ ಕೋಲ್ಬಿಯ ಐವತ್ತೆಂಟು ಕಂಡಾಗ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಉಳಿದ ವಿಷಯಗಳನ್ನು ನೋಡಿದ. ಮೂರಕ್ಕೆ ಮೂರೂ ಪಾಸು. ಪೆನ್ನು ತಾನಾಗಿ ಎರಡನ್ನು ಕೂಡಿಸಿತು. ಹುಡುಗ ದುಡಿದು ಓದಿದ ಒಂದೇ ವಿಷಯದಲ್ಲಿ ಫೇಲಾಗಿದ್ದಾನೆ, ತಲೆ ಹಾಕದ ಮೂರರಲ್ಲಿ ಪಾಸಾಗಿದ್ದಾನೆ ಎಂದು ಯಾವ ಮೈಸೂರಿನ ಮೇಷ್ಟ್ರಿಗೆ ಹೊಳೆದೀತು?

ಆಗಸ್ಟಿನಲ್ಲಿ ಪ್ರತಿನಿಧಿಯಾಗಿ ನೇಮಿಸಿದ ಪತ್ರ ಬಂದಾಗ ತನ್ನ ನಿಷ್ಠೆಗೆ ಸಂದ ಗೌರವವೆಂದು ಎದೆ ಉಬ್ಬಿಸಿಕೊಂಡಿದ್ದ. ಹೆಂಡತಿ ಜಲಜಾ ಕೇಸರಿಬಾತು ಮಾಡಿದ್ದಳು. ಅದನ್ನು ನೆನೆದರೆ ಈಗ ನಾಲಗೆಯೇ ಬೇಡವೆನ್ನಿಸಿತು.

ಇದಿಷ್ಟೇ ಆಗಿದ್ದರೆ ಮೋಸಹೋದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ಐವತ್ತೆಂಟು ಇತ್ತು.

ಮಂಡ್ಯದ ಕಡೆಯ ಮರಿತಾಯಮ್ಮ. ಗಂಡ ಪುಟ್ಟಸ್ವಾಮಿಯ ಜೊತೆ ಬಂದವಳು. ಅವನು ಫ್ರೀಮಾಂಟಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವಳು ವೃದ್ಧರ ನರ್ಸಿಂಗ್ ಹೋಮಿನಲ್ಲಿ ಮುದುಕರ ಮೈ ಒರೆಸಿ, ಹಾಸಿಗೆ ಬದಲಿಸಿ, ಉಳಿದ ಹೊತ್ತಿನಲ್ಲಿ ನರ್ಸಿಂಗ್ ಕೋರ್ಸು ಸೇರಲು ಬೇಕಾದ ವಿಷಯಗಳನ್ನು ಓದುತ್ತಿದ್ದಳು. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವಳು ಮೇರಿ. ಅವಳೂ ಉಳಿದೆಲ್ಲದರಲ್ಲಿ ಪಾಸಾಗಿದ್ದಳು, ಸಂಖ್ಯಾಶಾಸ್ತ್ರದಲ್ಲಿ ಎರಡೇ ಅಂಕ ಕಡಿಮೆ. ಪದ್ಧತಿಗೆ ಅವಳಷ್ಟು ಚೆನ್ನಾಗಿ ಹೊಂದುವವರು ಇನ್ನೊಬ್ಬರಿರಲಿಲ್ಲ. ಆದರೆ ಯುಗಾದಿಯ ಮಾರನೆಯ ದಿನ ಅವಳು ಒಂದು ಡಬ್ಬಿ ಒಬ್ಬಟ್ಟು ತಂದು ಆಫೀಸಿನ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ತಮ್ಮೂರಿನವಳಿಗೆ ಮಾರ್ಕು ಹಾಕಿದ ಎಂದು ನಾಳೆ ಯಾರಾದರೂ ಅಂದರೆ? ಮೇ ತಿಂಗಳಲ್ಲಿ ಅವಳನ್ನು ಕರೆಸಿ, ಎರಡು ಅಂಕ ಕೊಡಲಾಗದೆಂದು, ಕನ್ನಡದಲ್ಲೇ, ಅರ್ಧ ಗಂಟೆ ಪ್ರಾಮಾಣಿಕತೆಯ ಮೇಲೆ ಭಾಷಣ ಬಿಗಿದಿದ್ದ. ಅವಳು ಮಾರ್ಕು ಕೇಳಿಯೇ ಇರಲಿಲ್ಲ. "ಆಯ್ತು ಮೇಷ್ಟ್ರೇ" ಎಂದು ಹೋದವಳು ಮತ್ತೆ ಕಾಲೇಜಿನಲ್ಲಿ ಕಾಣಲಿಲ್ಲ. ನರ್ಸಿಂಗಿನ ಸೀಟು ತಪ್ಪಿತೆಂದು ಆಮೇಲೆ ಯಾರೋ ಹೇಳಿದರು.

ಭಾನುವಾರ ಬೆಳಗ್ಗೆ ಅವನು ಇದನ್ನೆಲ್ಲ ಹೇಳಿ ಮುಗಿಸಿದಾಗ ಜಲಜಾ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ರೀ, ಸುಮ್ನೆ ಸೈನ್ ಹಾಕಿ ಬನ್ನಿ. ಇನ್ನೊಂದೇ ಮ್ಯಾಚು. ಏಪ್ರಿಲ್‌ನಲ್ಲಿ ನಿಮ್ದು ಪರ್ಮನೆಂಟ್ ಆಗೋದಿದೆ. ಆಗ್ದಿದ್ರೆ ವೀಸಾ ಗತಿ ಏನು?"

"ಹೇಸಿಗೆ ಆಗತ್ತೆ ಕಣೇ."

"ಆಗ್ಲಿ. ಎಲ್ಲರಿಗೂ ಒಂದೊಂದ್ ಸಲ ಆಗತ್ತೆ." ಇನ್ನೊಂದು ಕಾಯಿಯ ನಾರು ಎಳೆದು ಅವಳೇ ಕೇಳಿದಳು. "ಅಲ್ಲ, ಆ ದಾಂಡಿಗನಿಗೆ ಕೊಟ್ರಿ. ಮರಿತಾಯಮ್ಮಂಗೆ ಯಾಕ್ರೀ ಕೊಡ್ಲಿಲ್ಲ?"

"ನಮ್ಮೋರು ಅಂತ..."

"ನಮ್ಮೋರು ಅಂತ್ಲೋ, ನಮ್ಮೋರಲ್ಲ ಅಂತ್ಲೋ?"

ಅವನು ಎದ್ದು ಹಿತ್ತಲಿಗೆ ಹೋದ. ಹೆಂಡತಿ ಮುಖಕ್ಕೆ ಮಂಗಳಾರತಿ ಎತ್ತಿದ್ದಳು, ಅದೂ ಹುರುಳಿಕಾಯಿಯಿಂದ ಕಣ್ಣೆತ್ತದೆ.

ಸೋಮವಾರ ಪಟ್ಟಿ ತೆಗೆದುಕೊಳ್ಳಲು ಕೋಚ್ ಹ್ಯಾಲೋರನ್‌ನ ಕೋಣೆಗೆ ಹೋದ. ಕೋಚ್ ಕಾಲೆರಡನ್ನೂ ಮೇಜಿನ ಮೇಲಿಟ್ಟು ತಂಬಾಕು ಜಗಿಯುತ್ತಿದ್ದ. ಎರಡೆರಡು ನಿಮಿಷಕ್ಕೆ ಕಾಫಿಯ ಕಾಗದದ ಲೋಟ ಎತ್ತಿ ಅದರೊಳಗೆ ಉಗಿಯುವನು. ಲೋಟದ ಅಂಚಿನಿಂದ ಕಂದು ಎಳೆಯೊಂದು ಇಳಿದು ಆಟಗಾರರ ಪಟ್ಟಿಯ ಮೂಲೆಗೆ ಅಂಟಿತ್ತು. ದ್ವಾರಕಾನಾಥ ಪಟ್ಟಿಯನ್ನು ಇನ್ನೊಂದು ಮೂಲೆಯಿಂದ ಹಿಡಿದ.

"ಬ್ರೆಂಟ್ ಹೆಸರು ಇರುವ ಪಟ್ಟಿಗೆ ನಾನು ಸಹಿ ಹಾಕುವುದಿಲ್ಲ," ಎಂದ.

ಕೋಚ್‌ಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ಕೂತ್ಕೊಳ್ಳಿ, ಪ್ರೊಫೆಸರ್," ಎಂದ, ಮನೆಯ ಹಿರಿಯನಂತೆ. "ಕಾನ್ಫರೆನ್ಸಿನಲ್ಲಿ ಆರು ಕಾಲೇಜು. ಆರಕ್ಕೂ ಒಂದೊಂದು ಬ್ರೆಂಟ್ ಇದ್ದಾನೆ. ಅವರ ಪ್ರತಿನಿಧಿಗಳೂ ಸಹಿ ಹಾಕ್ತಾರೆ. ಗೊತ್ತಿದ್ದೇ ಹಾಕ್ತಾರೆ."

"ಉಳಿದ ಮೂರು ವಿಷಯದ ಬಗ್ಗೆ ನಾನು ಕಾನ್ಫರೆನ್ಸಿಗೆ ಬರೆಯುತ್ತೇನೆ."

"ಬರೀರಿ. ಆ ಮೂವರೂ ಹುಡುಗ ಕ್ಲಾಸಿಗೆ ಬಂದಿದ್ದ ಅಂತಾರೆ. ಅವರ ಮಾರ್ಕಿನ ಪುಸ್ತಕದಲ್ಲಿ ತಿದ್ದಿದ ಗುರುತು ಒಂದೂ ಇಲ್ಲ." ಲೋಟ ಎತ್ತಿ ಉಗಿದು, ತುಟಿ ಒರೆಸಿಕೊಂಡ. "ಐವತ್ತೆಂಟನ್ನು ಹೊಡೆದು ಅರವತ್ತು ಅಂತ ಬರೆದಿರೋದು ಒಂದೇ ಒಂದು ಪುಸ್ತಕದಲ್ಲಿ. ಅದು ಯಾರ ಕೈಬರಹ?"

ದ್ವಾರಕಾನಾಥ ಖಾಲಿ ಕೈಯನ್ನು ಜೇಬಿಗೆ ಸೇರಿಸಿದ.

"ಅದನ್ನು ತೋರಿಸಿದರೆ ಹುಡುಗ ಮನೆಗೆ, ನಾವು ಗೆದ್ದ ನಾಲ್ಕೂ ಪಂದ್ಯ ಸೋತ ಹಾಗೆ. ನೀವು ಊರಿಗೆ. ಯಾಕೆ ಬೇಕು? ನೀವು ಒಳ್ಳೇ ಕೆಲಸ ಮಾಡಿದ್ದೀರಿ. ಬುಧವಾರ ಐದು ಗಂಟೆಯೊಳಗೆ ಪಟ್ಟಿ ಕಳಿಸಿ," ಎಂದು ಕೋಚ್ ಹಲ್ಲು ಬಿಟ್ಟ. ಹಲ್ಲಿನ ಸಂದಿಯಲ್ಲಿ ತಂಬಾಕಿನ ಚೂರು. ಆಮೇಲೆ ಎದ್ದು ನಿಂತು ಅವನ ಬೆನ್ನು ತಟ್ಟಿದ. ಆ ಕೈ ಬಿದ್ದ ಜಾಗದಲ್ಲಿ ಅಂಗಿ ಮೈಗೆ ಅಂಟಿದಂತಾಗಿ, ದ್ವಾರಕಾನಾಥ ಮನೆಗೆ ಹೋದವನೇ ಮತ್ತೊಮ್ಮೆ ಸ್ನಾನ ಮಾಡಿದ. ಕೊಳೆ ಹೋದಂತೆ ಅನ್ನಿಸಲಿಲ್ಲ. ಕೋಚ್‌ನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ, ಅದೇ ಅವನಿಗೆ ಸಹಿಸಲಾಗದ್ದು.

ಮಂಗಳವಾರವೆಲ್ಲ ಯೋಚಿಸಿ ಒಂದು ಉಪಾಯ ಕಂಡುಕೊಂಡ. ಮೇಷ್ಟ್ರುಗಳ ಉಪಾಯ ಹೇಗಿರುತ್ತದೆ? ಒಂದು ತಪ್ಪಿನ ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನಿಟ್ಟು ಸರಿ ಮಾಡುವುದು! ಮರಿತಾಯಮ್ಮನಿಗೂ ಎರಡು ಅಂಕ ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ. ಆಮೇಲೆ ಪಟ್ಟಿಗೆ ಸಹಿ ಹಾಕಿದರೂ ಹೇಸಿಗೆ ಇಷ್ಟಿರಲಾರದು. ಬುಧವಾರ ಮಧ್ಯಾಹ್ನ ರಿಜಿಸ್ಟ್ರಾರ್ ಆಫೀಸಿನಿಂದ ಅಂಕ ತಿದ್ದುವ ಫಾರಂ ಒಂದನ್ನು ತಂದು, ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆದ. ಪಟ್ಟಿಯನ್ನೂ ಅದನ್ನೂ ಬ್ಯಾಗಿಗೆ ಹಾಕಿಕೊಂಡು ಫ್ರೀವೇ ಹಿಡಿದು ಅವಳ ಮನೆಯಿದ್ದ ಹೇವರ್ಡಿಗೆ ಹೊರಟ. ದಾರಿಯುದ್ದಕ್ಕೂ ತಾನು ಆಡಬೇಕಾದ ಉದಾರದ ಮಾತುಗಳನ್ನು ಜೋಡಿಸಿಕೊಂಡ. ನಾಚಿಕೆಯಿಲ್ಲದ ಮನಸ್ಸು, ಅಷ್ಟೆಲ್ಲ ಆದ ಮೇಲೂ ಅದಕ್ಕೆ ಕೊಡುವವನಾಗಿಯೇ ಇರಬೇಕು.

ಅಪಾರ್ಟ್‌ಮೆಂಟಿನ ಬಾಗಿಲು ತೆರೆದ ಮರಿತಾಯಮ್ಮ ನರ್ಸಿಂಗ್ ಹೋಮಿನ ನೀಲಿ ಸಮವಸ್ತ್ರದಲ್ಲಿದ್ದಳು. ಮೂರು ಗಂಟೆಯ ಶಿಫ್ಟಿಗೆ ಹೊರಟಿದ್ದಳು.

"ಅಯ್ಯೋ ಮೇಷ್ಟ್ರೇ! ಬನ್ನಿ, ಬನ್ನಿ. ವಸಿ ಕಾಪಿ ಕುಡೀರಿ."

"ಇಲ್ಲಮ್ಮ, ಕೂರೋದಿಲ್ಲ." ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಫಾರಂ ಚಾಚಿದ. "ನಿಮ್ಮ ಸ್ಟ್ಯಾಟಿಸ್ಟಿಕ್ಸು ಪಾಸು ಮಾಡ್ತಿದ್ದೀನಿ. ಎರಡು ಮಾರ್ಕು. ಮೊದಲೇ ಕೊಡಬೇಕಾಗಿತ್ತು."

ಅವಳು ಫಾರಂ ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದಳು. "ಅವತ್ತು ಕೊಡಾಕಾಗಲ್ಲ ಅಂದ್ರಿ. ಇವತ್ತೆಂಗೆ ಆಯ್ತದೆ?"

ಸುಳ್ಳು ಹೇಳಬಹುದಿತ್ತು. ಬಾಗಿಲಲ್ಲಿ ನಿಂತ ಆ ನೀಲಿ ಬಟ್ಟೆಯ ಎದುರು ಅದೂ ಆಗಲಿಲ್ಲ. ಬ್ರೆಂಟ್‌ನ ಐವತ್ತೆಂಟು, ಕೋಚ್‌ನ ಮಾತು, ಸಹಿ, ಶನಿವಾರದ ಪಂದ್ಯ, ಎಲ್ಲ ಹೇಳಿದ. ಅವಳು ನಡುವೆ ಒಮ್ಮೆ ಮಾತ್ರ ಬಾಯಿ ಹಾಕಿದಳು.

"ಅದೇ ಕಡೇ ಬೆಂಚ್ನಲ್ಲಿ ಕೂರ್ತಿದ್ನಲ್ಲ, ದಪ್ಪಕೆ, ಅವ್ನಾ? ಪಾಪ, ನನ್ ನೋಟ್ಸ್ ಇಸ್ಕೊಂಡು ಬರ್ಕೊತಿದ್ದ. ನಂಗೇ ಬರ್ತಿರ್ಲಿಲ್ಲ, ಅವ್ನಿಗೇನ್ ಬಂದಾತು."

ಕೆಳಗೆ ಪುಟ್ಟಸ್ವಾಮಿ ಕಾರಿನ ಹಾರ್ನ್ ಬಾರಿಸಿದ. ಅವಳು ಫಾರಂ ಮಡಿಸದೆ ಹಾಗೇ ಹಿಂದಕ್ಕೆ ಕೊಟ್ಟಳು.

"ನಂಗೆ ಬ್ಯಾಡಿ ಮೇಷ್ಟ್ರೇ. ಬ್ಯಾರೆ ಕಾಲೇಜಲ್ಲಿ ಅದನ್ನೇ ತಿರ್ಗ ಓದ್ತಾವ್ನಿ. ಓದ ವಾರದ ಟೆಸ್ಟಲ್ಲಿ ಎಂಬತ್ತೊಂದು ಬಂತು. ಅವತ್ತು ನಂಗೆ ಬಂದಿದ್ದು ಐವತ್ತೆಂಟೇ, ಅದ್ಕೇನ್ ಈಗ?"

"ನಾನು ನಿಮಗೆ ಮಾಡಿದ್ದು ಅನ್ಯಾಯ..."

"ನಂಗೆ ಕೊಡ್ದಿದ್ದು ಅನ್ಯಾಯ ಅಲ್ಲ. ಅವ್ನಿಗೆ ಕೊಟ್ರಲ್ಲ, ಅದು." ಬಾಗಿಲಿಗೆ ಬೀಗ ಹಾಕುತ್ತ, ಊಟಕ್ಕೆ ಏನು ಮಾಡಿದಿರಿ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದಳು. "ಕೊಟ್ಟಿದ್ನ ವಾಪಸ್ ತಗೊಳಾಕೆ ಫಾರಂ ಇಲ್ವಾ ಮೇಷ್ಟ್ರೇ?"

"ಇದೇ ಫಾರಂ," ಎಂದ.

"ಅಂಗಾರೆ ಅದ್ನ ಮಾಡಿ," ಎಂದು ಮೆಟ್ಟಿಲಿಳಿದು ಹೋದಳು. ಕಾರಿನಲ್ಲಿ ಕೂತವಳು ಕಿಟಕಿಯಿಂದ ತಲೆ ಹೊರಹಾಕಿ ನಕ್ಕಳು, ಮನೆಗೆ ಬಂದ ನೆಂಟರಿಗೆ ಕಾಫಿ ಕೊಡದೆ ಹೊರಟವಳ ಸಂಕೋಚದ ನಗು.

ಗಂಟೆ ಎರಡೂ ಮುಕ್ಕಾಲಾಗಿತ್ತು. ದ್ವಾರಕಾನಾಥ ತನ್ನ ಕಾರಿನ ಬಳಿ ಬಂದು ಫಾರಮ್ಮನ್ನು ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಅಂಗೈ ಊರಿದ. ಎಂಜಿನ್ನಿನ ಬಿಸಿ ಇನ್ನೂ ಆರಿರಲಿಲ್ಲ. ಹೆಸರಿನ ಜಾಗದಲ್ಲಿ ಮರಿತಾಯಮ್ಮನ ಉದ್ದನೆಯ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ ಮೇಲೆ ಇನ್ನೊಂದು ಹೆಸರಿಗೆ ಎಡೆ ಉಳಿಯಲಿಲ್ಲ. ಎರಡನೆಯ ಫಾರಂ ತಂದಿರಲಿಲ್ಲ.

ಹಾಳೆಯನ್ನು ಮಗುಚಿ ಹಾಕಿ, ಖಾಲಿ ಬೆನ್ನಿನ ಮೇಲೆ, ಐವತ್ತೆಂಟನ್ನು ಅರವತ್ತು ಮಾಡಿದವನು ಯಾರೆಂದು ಕಾನ್ಫರೆನ್ಸಿಗೆ ತಿಳಿಸಲು, ಮೊದಲು ತನ್ನ ಹೆಸರನ್ನು ಬರೆದ.